ಫ್ಯಾನ್ ಕೂಗಿದ ತಕ್ಷಣ ಟ್ರ್ಯಾಕರನ್ನು ಕೊಲ್ಲಬೇಡಿ

ಕಂಪ್ಯೂಟರ್ ಬಿಸಿಯಾಗಿ ಫ್ಯಾನ್ ಜೋರಾದರೆ ಕಲಬುರಗಿಯಲ್ಲಿ ಮೊದಲು ಬೈಸಿಕೊಳ್ಳುವುದು ಬಿಸಿಲು. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಅಂಗಡಿಯ ಮೇಲೆ ತಗಡು ಇದ್ದರಂತೂ ಕೇಳಲೇಬೇಡಿ. ಹಾಗಾಗಿ ನಮ್ಮ ಡಿಟಿಪಿ ಅಂಗಡಿಯ ಹಳೇ ಡೆಸ್ಕ್‌ಟಾಪ್ ಬೆಳಿಗ್ಗೆ ಶಟರ್ ಎತ್ತಿದ ಸ್ವಲ್ಪ ಹೊತ್ತಿಗೇ ಕೂಗಲು ಶುರು ಮಾಡಿದಾಗ, ಅಣ್ಣ ಅದರ ಮುಂದೆ ಒಂದು ಟೇಬಲ್ ಫ್ಯಾನ್ ತಂದಿಟ್ಟ. ಎದುರಿನ ಮೊಬೈಲ್ ಅಂಗಡಿಯವರು ರ‍್ಯಾಮ್ ಹಾಕಿಸಿ ಅಂದರು. ದಿನಾ ಬರುವ ವಕೀಲರ ಗುಮಾಸ್ತ ಕಾಕಾ ಮಾತ್ರ, "ವೈರಸ್ ಹೊಕ್ಕದ ನೋಡವ್ವಾ, ಬ್ಯಾರೆ ಏನಿಲ್ಲ" ಅಂತ ತೀರ್ಪನ್ನೇ ಕೊಟ್ಟುಬಿಟ್ಟರು.

ಮೂರೂ ಅಲ್ಲ. ಏನು ಅಂತ ಹೇಳೋಕೇ ಇಷ್ಟು ಬರೆಯುತ್ತಿದ್ದೇನೆ. ವಿಂಡೋಸ್ ಬದಲು ಲಿನಕ್ಸ್ ಬಳಸುವ ಸಣ್ಣ ಅಂಗಡಿ, ಆಫೀಸುಗಳಲ್ಲಿ ಇದೇ ತೊಂದರೆ ಇರಬಹುದು. ಅವರು ಗೂಗಲ್ ಮಾಡಿದರೆ ಸಿಗುವ ಸಲಹೆ ಬಹಳಷ್ಟು ಸಲ ಒಂದೇ: ಫೈಲ್ ಹುಡುಕಾಟಕ್ಕಾಗಿ ಹಿನ್ನೆಲೆಯಲ್ಲಿ ಓಡುವ 'ಟ್ರ್ಯಾಕರ್' ಅನ್ನುವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಕಿಲ್ ಮಾಡಿ, ಅಂದರೆ ಬಲವಂತವಾಗಿ ನಿಲ್ಲಿಸಿ, ಆಮೇಲೆ ಪರ್ಮನೆಂಟಾಗಿ ಆಫ್ ಮಾಡಿ. ಆ ಸಲಹೆ ನನಗೆ ಒಪ್ಪಿಗೆಯಿಲ್ಲ.

ಮೊದಲು ಮಷೀನಿನ ಜಾತಕ. ಇಂಟೆಲ್ ಐ3-4130 ಪ್ರೊಸೆಸರ್, 2013ರಲ್ಲಿ ಬಂದದ್ದು. ಎರಡು ಕೋರ್, ನಾಲ್ಕು ಥ್ರೆಡ್, ಅಂದರೆ ಏಕಕಾಲಕ್ಕೆ ನಾಲ್ಕು ಕೆಲಸದ ಸಾಲು. ಪೂರ್ತಿ ದುಡಿದರೆ ಅದರ ಲೆಕ್ಕ 54 ವ್ಯಾಟ್. ಹಾರ್ಡ್‌ಡಿಸ್ಕ್ ಹಳೇ ಕಾಲದ್ದೇ, ಒಳಗೆ ತಟ್ಟೆ ತಿರುಗುವಂಥದ್ದು. ಎಸ್‌ಎಸ್‌ಡಿ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ನಮ್ಮದು ನಾಲ್ಕನೆಯದು. ಹೊಸದು ಕೊಳ್ಳುವಷ್ಟು ದುಡ್ಡು ಗಲ್ಲಾಪೆಟ್ಟಿಗೆಯಲ್ಲಿ ಇರಲಿಲ್ಲ. ನಮಗೆ ರಿಪೇರಿ ಮಾಡಿಕೊಡುವ ಹುಡುಗ ಇದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ಹಾಕಿಕೊಟ್ಟ. ಇನ್ನೊಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗಿನ ನುಡಿ ಮತ್ತು ಪುಟ ವಿನ್ಯಾಸದ ಪೇಜ್‌ಮೇಕರ್‌ಗಾಗಿ ವಿಂಡೋಸ್ ಹಾಗೇ ಇದೆ. ಅದಕ್ಕೆ ಇಂಟರ್‌ನೆಟ್ ತೆಗೆದುಬಿಟ್ಟಿದ್ದೇವೆ.

ಉಬುಂಟುವಿನಲ್ಲಿ ನಾನು ನುಡಿಯಲ್ಲಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲೇ ಟೈಪ್ ಮಾಡುತ್ತೇನೆ. ಬೆರಳಿಗೆ ಅಭ್ಯಾಸವಾಗಿದ್ದೇ ಅದು, ಹಾಗಾಗಿ ಬದಲಾವಣೆ ಅಂತ ಅನಿಸಲೇ ಇಲ್ಲ. ಕೆಲಸ ಏನು ಅಂದರೆ ಅಫಿಡವಿಟ್, ವಕಾಲತ್ತು, ಬಾಡಿಗೆ ಕರಾರು, 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಅರ್ಜಿ. ಜೊತೆಗೆ ಜಮೀನಿನ ಕೇಸುಗಳಿಗೆ ಹಳೇ ಕಾಗದ ಸ್ಕ್ಯಾನ್ ಮಾಡಿಕೊಡುವುದು. ಈ ಭಾಗ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ವಾ, ಅಜ್ಜನ ಕಾಲದ ಖರೀದಿ ಪತ್ರ ತೆಗೆದರೆ ಬಹಳಷ್ಟು ಉರ್ದುವಿನಲ್ಲೇ ಇರುತ್ತವೆ. ಮಡಚಿದ ಕಡೆ ಹರಿದಿರುತ್ತವೆ. ಅವನ್ನು ಜೋಪಾನವಾಗಿ ಗಾಜಿನ ಮೇಲೆ ಹಾಸಿ, ಹೆಚ್ಚು ರೆಸೊಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿಕೊಡುತ್ತೇನೆ. ಒಂದೊಂದು ಫೈಲೂ ದಪ್ಪ ದಪ್ಪ.

ಇನ್ನು ವಿಷಯಕ್ಕೆ ಬರೋಣ.

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು 'ಟಾಪ್' ಅಂತ ಹೊಡೆದರೆ ಯಾವ ಪ್ರೊಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ಸಾಲಾಗಿ ಬರುತ್ತದೆ. ಮೇಲಿನ ಎರಡು ಸಾಲು ಯಾವಾಗ ನೋಡಿದರೂ ಇವೇ ಇಬ್ಬರದು: 'ಟ್ರ್ಯಾಕರ್-ಎಕ್ಸ್‌ಟ್ರ್ಯಾಕ್ಟ್-3' ಮತ್ತು 'ಟ್ರ್ಯಾಕರ್-ಮೈನರ್-ಎಫ್‌ಎಸ್-3'. ಒಂದು ನೂರರ ಹತ್ತಿರ, ಇನ್ನೊಂದು ಅರವತ್ತು ಎಪ್ಪತ್ತರಲ್ಲಿ ಆಡುತ್ತಿತ್ತು. ಇಲ್ಲಿ ನೂರು ಅಂದರೆ ಪೂರ್ತಿ ಪ್ರೊಸೆಸರ್ ಅಲ್ಲ, ಒಂದು ಥ್ರೆಡ್. ನಮ್ಮ ಮಷೀನಿನ ಒಟ್ಟು 400. ಇದು ಗೊತ್ತಿಲ್ಲದೆ ನೂರು ನೋಡಿ ಗಾಬರಿಯಾಗುವವರೇ ಜಾಸ್ತಿ.

ಈ ಟ್ರ್ಯಾಕರ್ ಏನು ಮಾಡುತ್ತದೆ? ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಫೈಲ್ ಹುಡುಕುವಾಗ ಹೆಸರಷ್ಟೇ ಅಲ್ಲ, ಒಳಗಿನ ಮಾತೂ ಸಿಗುತ್ತದೆ ಅಲ್ವಾ, ಅದು ಇದರ ದಯೆ. ಮೈನರ್ ಎಂಬಾತ ಫೋಲ್ಡರುಗಳ ಮೇಲೆ ಕಣ್ಣಿಟ್ಟು ಯಾವ ಫೈಲ್ ಹೊಸದು, ಯಾವುದು ಬದಲಾಯಿತು ಅಂತ ನೋಡುತ್ತಾನೆ. ಎಕ್ಸ್‌ಟ್ರ್ಯಾಕ್ಟ್ ಆ ಫೈಲನ್ನು ತೆರೆದು ಒಳಗಿನ ಅಕ್ಷರ, ಶೀರ್ಷಿಕೆ, ಎಷ್ಟು ಪುಟ, ಫೋಟೋ ಆದರೆ ಯಾವ ಕ್ಯಾಮೆರಾ, ಹಾಡಾದರೆ ಯಾರು ಹಾಡಿದ್ದು, ಎಲ್ಲ ಬಿಡಿಸಿ ತೆಗೆಯುತ್ತದೆ. ಅದೆಲ್ಲ ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೋಗುತ್ತದೆ. ಅದೇ ಇಂಡೆಕ್ಸ್, ಹುಡುಕಾಟದ ಸೂಚಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಇಂಥ ಫೋಲ್ಡರುಗಳನ್ನು ಆಳದವರೆಗೆ ಅಗೆಯುತ್ತದೆ. ಹೊಸದಾಗಿ ಸಿಸ್ಟಮ್ ಹಾಕಿದಾಗ, ಅಥವಾ ಒಮ್ಮೆಲೇ ರಾಶಿ ಫೈಲ್ ತಂದು ಹಾಕಿದಾಗ ಇದು ಬೆವರು ಸುರಿಸುವುದು ಸಹಜ. ಕೆಲಸ ಮುಗಿದ ಮೇಲೆ ತಣ್ಣಗಾಗಬೇಕು. ನಮ್ಮದು ತಣ್ಣಗಾಗುತ್ತಿರಲಿಲ್ಲ. ಅಷ್ಟೇ ತಕರಾರು.

ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾ, ಅದನ್ನ ಕಿಲ್ ಹೊಡ್ದುಬಿಡ್ರಿ, ಏನೂ ಆಗಂಗಿಲ್ಲ" ಅಂದ. ಹೊಡೆದೆ. ಫ್ಯಾನ್ ನಿಂತಿತು, ಸಮಾಧಾನ ಆಯಿತು. ಫೈಲ್ಸ್ ಕಿಟಕಿ ತೆರೆದು ಏನೋ ಹುಡುಕಿದೆ, ಮತ್ತೆ ಎದ್ದು ಕೂತಿತು. ಎದ್ದೇ ಏಳುತ್ತದೆ, ಯಾಕೆಂದರೆ ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಅದನ್ನು ಸರ್ವಿಸ್ ಆಗಿ ಸಾಕುತ್ತದೆ, ಯಾರಾದರೂ ಕೇಳಿದ ತಕ್ಷಣ, ಪ್ರೋಗ್ರಾಂಗಳ ನಡುವೆ ಸಂದೇಶ ಒಯ್ಯುವ ಡಿ-ಬಸ್ ಅದನ್ನು ಎಬ್ಬಿಸುತ್ತದೆ. "ಹಂಗಾದ್ರ ಮಾಸ್ಕ್ ಮಾಡ್ರಿ ಅಕ್ಕಾ, ಮತ್ತ ಏಳಂಗಿಲ್ಲ" ಅಂದ. ಮಾಸ್ಕ್ ಮಾಡಿದರೆ, ಅಂದರೆ ಶುರುವಾಗದಂತೆ ಬೀಗ ಹಾಕಿದರೆ, ನಿಜವಾಗಿಯೂ ಏಳುವುದಿಲ್ಲ. ಆದರೆ ಫೈಲಿನ ಒಳಗಿನ ಮಾತಿನ ಹುಡುಕಾಟವೂ ಹೋಗುತ್ತದೆ.

ನನಗೆ ಅದು ಬೇಕು. "ಹ್ವಾದ ವರ್ಷ ಇಲ್ಲೇ ಒಂದು ಕರಾರು ಪತ್ರ ಮಾಡ್ಸಿದ್ನೆವ್ವಾ, ಇನ್ನೊಂದು ಕಾಪಿ ಕೊಡು" ಅಂತ ದಿನಾ ಯಾರಾದರೂ ಬರುತ್ತಾರೆ. ಅವರಿಗೆ ತಾರೀಖು ನೆನಪಿರಲ್ಲ. ಮನೆ ಮಾಲೀಕನ ಹೆಸರು, ಊರಿನ ಹೆಸರು, ಸರ್ವೆ ನಂಬರು, ಇಷ್ಟೇ ಗೊತ್ತಿರೋದು. ಆಳಂದ ಅಂತ ಹೊಡೆದು, ಜೊತೆಗೆ ಸರ್ವೆ ನಂಬರ್ ಹಾಕಿದರೆ ಫೈಲ್ ಬಂದು ನಿಲ್ಲುತ್ತದೆ. ಇಂಥ ಕೆಲಸದವನನ್ನು ಸುಮ್ನೆ ಸದ್ದು ಮಾಡ್ತಾನೆ ಅಂತ ಮನೆಗೆ ಕಳಿಸೋದಾ?

ಇನ್ನೊಂದು ಅನುಮಾನವೂ ಇತ್ತು. ಟಾಪ್‌ನಲ್ಲಿ 'ಎನ್‌ಐ' ಅಂತ ಒಂದು ಕಾಲಂ ಇರುತ್ತದೆ. ಅದು ನೈಸ್ ಅನ್ನುವ ಲೆಕ್ಕ, ಅಂದರೆ ಈ ಪ್ರೊಸೆಸ್ ಬೇರೆಯವರಿಗೆ ಎಷ್ಟು ದಾರಿ ಬಿಡುತ್ತದೆ ಅಂತ. ಟ್ರ್ಯಾಕರ್ ಎದುರು ಅಲ್ಲಿ 19 ಇತ್ತು. 19ಕ್ಕಿಂತ ಮೇಲೆ ಇಲ್ಲ. ಬೇರೆ ಯಾರಿಗಾದರೂ ಪ್ರೊಸೆಸರ್ ಬೇಕಾದರೆ ಅದು ಹಿಂದೆ ಸರಿದು ನಿಲ್ಲುತ್ತದೆ. ಹಾಗಿದ್ದ ಮೇಲೆ ನಾನು ಟೈಪ್ ಮಾಡುವಾಗ ಅಕ್ಷರ ಯಾಕೆ ತಡವಾಗಿ ಬೀಳಬೇಕು? ಲಿಬ್ರೆಆಫೀಸ್‌ನಲ್ಲಿ ಸೇವ್ ಒತ್ತಿದರೆ ಕಿಟಕಿ ಯಾಕೆ ಬೂದು ಬಣ್ಣಕ್ಕೆ ತಿರುಗಿ ಕೂರಬೇಕು? ಫ್ಯಾನ್ ಕೂಗಲು ಟ್ರ್ಯಾಕರ್ ಕಾರಣ ಇರಬಹುದು. ಸ್ಲೋ ಆಗಲು ಕಾರಣ ಬೇರೆ ಏನೋ ಇದೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಎಲ್ಲರೂ ಟ್ರ್ಯಾಕರ್ ಕುತ್ತಿಗೆಗೆ ಕೈ ಹಾಕುವುದು.

ಟಾಪ್‌ನ ಮೇಲ್ಭಾಗದಲ್ಲಿ ಸಿಪಿಯು ಸಾಲಿನಲ್ಲಿ 'ಡಬ್ಲ್ಯೂಎ' ಅಂತ ಒಂದು ಸಂಖ್ಯೆ ಇರುತ್ತದೆ. ಪ್ರೊಸೆಸರ್ ಕೈಕಟ್ಟಿ ಡಿಸ್ಕಿಗಾಗಿ ಕಾಯುತ್ತಿರುವ ಸಮಯ ಅದು. ಸಾಮಾನ್ಯವಾಗಿ ಸೊನ್ನೆಯ ಆಸುಪಾಸು ಇರಬೇಕು. ನಮ್ಮಲ್ಲಿ ಮೂವತ್ತು ದಾಟಿ ನಿಂತಿತ್ತು. ಸಿಕ್ಕಿತು ಅನಿಸಿತು. ಸ್ಲೋ ಮಾಡುತ್ತಿರುವುದು ಪ್ರೊಸೆಸರ್ ಅಲ್ಲ, ಡಿಸ್ಕ್. ತಿರುಗುವ ಡಿಸ್ಕಿಗೆ ಇರುವುದು ಒಂದೇ ತೋಳು, ಅದರ ಹೆಡ್ಡುಗಳೆಲ್ಲ ಒಟ್ಟಿಗೇ ಆಚೀಚೆ ಓಡಬೇಕು. ನಾಲ್ಕು ಕಡೆಯಿಂದ ಕರೆದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ.

ಡಿಸ್ಕನ್ನು ಯಾರು ತಿನ್ನುತ್ತಿದ್ದಾರೆ ಅಂತ ತೋರಿಸಲು 'ಐಒಟಾಪ್' ಅಂತ ಒಂದಿದೆ. ಹಾಕಿಕೊಳ್ಳಬೇಕು, ಸುಡೋ (ಅಡ್ಮಿನ್ ಅಧಿಕಾರ) ಕೊಟ್ಟು ಓಡಿಸಬೇಕು. ಓಡಿಸಿದರೆ ಮೇಲುಗಡೆ ಟ್ರ್ಯಾಕರ್ ಇಲ್ಲವೇ ಇಲ್ಲ! ಇದ್ದದ್ದು 'ಸಿಪಿ'. ಫೈಲ್ ಕಾಪಿ ಮಾಡುವ ಸಾದಾ ಆಜ್ಞೆ. ಅದೂ ಒಂದಲ್ಲ, ಏಕಕಾಲಕ್ಕೆ ಎರಡೆರಡು. ನಾನು ಏನನ್ನೂ ಕಾಪಿ ಮಾಡುತ್ತಿರಲಿಲ್ಲ. ಅಣ್ಣ ಗಿರಾಕಿ ಹತ್ತಿರ ಚಹಾ ಕುಡಿಯುತ್ತಾ ಕೂತಿದ್ದ.

ಅದೇ ಹೊತ್ತಿಗೆ ಟ್ರ್ಯಾಕರ್ ಯಾವ ಫೈಲ್ ತೆರೆದು ಕೂತಿದೆ ಅಂತಲೂ ನೋಡಿದೆ. ಟಾಪ್‌ನಲ್ಲಿ ಅದರ ಪಿಐಡಿ, ಅಂದರೆ ಪ್ರೊಸೆಸ್ ನಂಬರ್ ಸಿಗುತ್ತದೆ. 'ಎಲ್‌ಎಸ್‌ಒಎಫ್' ಆಜ್ಞೆಗೆ ಆ ನಂಬರ್ ಕೊಟ್ಟರೆ ಆ ಕ್ಷಣ ತೆರೆದಿರುವ ಫೈಲುಗಳ ಪಟ್ಟಿ ಬರುತ್ತದೆ. ಬಿಟ್ಟು ಬಿಟ್ಟು ನೋಡಿದೆ. ಪ್ರತಿ ಸಲ ಬೇರೆ ಬೇರೆ ಫೈಲು, ಆದರೆ ದಾರಿ ಒಂದೇ: ಡಾಕ್ಯುಮೆಂಟ್ಸ್ ಒಳಗೆ ಬ್ಯಾಕಪ್ ಅನ್ನುವ ಫೋಲ್ಡರು. ಅಲ್ಲಿದ್ದ ಫೈಲುಗಳ ತಾರೀಖು ನೋಡಿದರೆ, ವರ್ಷಗಳ ಹಿಂದೆ ಟೈಪ್ ಮಾಡಿದ ಕರಾರುಗಳಿಗೆಲ್ಲ ಇವತ್ತಿನ ತಾರೀಖು, ಅರ್ಧ ಗಂಟೆ ಹಿಂದಿನ ಸಮಯ.

ಆಮೇಲೆ ಉಳಿದದ್ದು ಸುಲಭ. 'ಪಿಎಸ್‌ಟ್ರೀ'ಯಲ್ಲಿ ಆ ಸಿಪಿಯ ಅಪ್ಪ ಯಾರು ಅಂತ ನೋಡಿದರೆ ಕ್ರಾನ್, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡಿಸುವ ಪ್ರೋಗ್ರಾಂ. 'ಕ್ರಾನ್‌ಟ್ಯಾಬ್ ಮೈನಸ್ ಎಲ್' ಹೊಡೆದರೆ ಒಂದೇ ಸಾಲು: ಹದಿನೈದು ನಿಮಿಷಕ್ಕೊಮ್ಮೆ ಕೆಲಸದ ಫೋಲ್ಡರ್ ಪೂರ್ತಿ ಎತ್ತಿ ಬ್ಯಾಕಪ್ ಫೋಲ್ಡರಿಗೆ ಕಾಪಿ ಮಾಡು. ಉಬುಂಟು ಹಾಕಿಕೊಡುವಾಗ ಹುಡುಗ ಒಳ್ಳೇ ಮನಸ್ಸಿನಿಂದಲೇ ಇಟ್ಟುಹೋದದ್ದು.

ಈಗ ಎಲ್ಲ ಕೂಡಿಸಿ ನೋಡಿ. ಸಾದಾ ಸಿಪಿ ಕಾಪಿ ಮಾಡಿದಾಗ ಹಳೇ ತಾರೀಖು ಉಳಿಯುವುದಿಲ್ಲ, ಕಾಪಿಯಾದ ಹೊತ್ತೇ ಹೊಸ ತಾರೀಖು. ಬದಲಾಗದ ಫೈಲನ್ನೂ ಅದು ಬಿಡುವುದಿಲ್ಲ, ಅಳಿಸಿ ಮತ್ತೆ ಬರೆಯುತ್ತದೆ. ಟ್ರ್ಯಾಕರ್ ಕಣ್ಣಿಗೆ ಅದು ಬದಲಾದ ಫೈಲು. ಪಾಪ, ಮತ್ತೆ ತೆರೆದು ಮತ್ತೆ ಓದುತ್ತದೆ. ಒಬ್ಬಾಕೆ ಬಚ್ಚಲಲ್ಲಿ ಕೂತು ತಟ್ಟೆ ತೊಳೆಯುತ್ತಿದ್ದರೆ, ಹಿಂದಿನಿಂದ ಒಬ್ಬ ತೊಳೆದ ತಟ್ಟೆಗೇ ಮತ್ತೆ ಎಂಜಲು ಹಚ್ಚಿ ಇಡುತ್ತಿದ್ದ ಹಾಗೆ. ಮೊದಲ ಸುತ್ತು ಮುಗಿಯುವ ಮುಂಚೆ ಎರಡನೇ ಸುತ್ತು ಬಂದಿರುತ್ತದೆ. ಕ್ರಾನ್ ಕೂಡ ಹಳೇ ಕೆಲಸ ಮುಗಿಯಿತಾ ಅಂತ ಕೇಳುವುದಿಲ್ಲ. ಗಡಿಯಾರ ನೋಡುತ್ತದೆ, ಹೊಸದನ್ನು ಶುರು ಮಾಡುತ್ತದೆ. ಅದಕ್ಕೇ ಎರಡೆರಡು ಸಿಪಿ.

ಹಾಗಾದರೆ ಚಳಿಗಾಲದಲ್ಲಿ ಯಾಕೆ ಸುಮ್ಮನಿತ್ತು? ಆಗ ಇದರಲ್ಲಿ ಫೈಲೇ ಕಡಿಮೆ ಇದ್ದವು. ಎರಡು ನಿಮಿಷದಲ್ಲಿ ಕಾಪಿ ಮುಗಿದು, ಟ್ರ್ಯಾಕರ್ ಓದಿ ಮುಗಿಸಿ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರ್ಚ್ ಕೊನೆಗೆ ಹಳೇ ವಿಂಡೋಸ್ ಡಿಸ್ಕಿನಲ್ಲಿದ್ದ ಅಷ್ಟೂ ವರ್ಷಗಳ ಫೈಲು, ಆ ದಪ್ಪ ದಪ್ಪ ಸ್ಕ್ಯಾನುಗಳು, ಡೌನ್‌ಲೋಡ್ ಮಾಡಿದ ಕೋರ್ಟ್ ತೀರ್ಪುಗಳು ಎಲ್ಲ ಇದಕ್ಕೆ ತಂದು ಸುರಿದೆವು. ಬಿಸಿಲೂ ಅದೇ ವಾರ ಏರಿತು. ಬಿಸಿಲಿನ ತಲೆಗೆ ಕಟ್ಟಲು ಇದಕ್ಕಿಂತ ಒಳ್ಳೇ ಕಾಕತಾಳೀಯ ಬೇಕಾ?

ಬಿಸಿಲು ಪೂರ್ತಿ ನಿರ್ದೋಷಿ ಅಂತಲೂ ಹೇಳಲ್ಲ. ಅಂಗಡಿಯೊಳಗಿನ ಗಾಳಿಯೇ ಬಿಸಿ ಇದ್ದರೆ ಕೂಲರ್ ಎಷ್ಟು ತಿರುಗಿದರೂ ಆ ಗಾಳಿಗಿಂತ ತಣ್ಣಗೆ ಮಾಡಲಾರದು. 'ಸೆನ್ಸರ್ಸ್' ಆಜ್ಞೆ ಪ್ರೊಸೆಸರಿನ ಶಾಖ ತೋರಿಸುತ್ತದೆ, ಮಧ್ಯಾಹ್ನದ ಹೊತ್ತು 85ರ ಮೇಲಿತ್ತು. ಕ್ಯಾಬಿನೆಟ್ ಬಿಚ್ಚಿ ಧೂಳು ಊದಿದ್ದೂ ಆಯಿತು, ಕಪ್ಪು ಮಣ್ಣಿನ ಊರು, ಒಳಗೆ ಏನಿತ್ತು ಅಂತ ನೀವೇ ಊಹಿಸಿ. ಇನ್ನೊಂದು ಕಷ್ಟ ಯುಪಿಎಸ್‌ದು. ಕರೆಂಟ್ ಹೋದಾಗ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಅದು ನಿಲ್ಲಬೇಕು. ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲ ಪೂರ್ತಿ ಓಡುತ್ತಿದ್ದರೆ ಅದು ಕೀಕ್ ಅನ್ನುವುದು ಬೇಗ.

ಕರೆಂಟ್ ಅಂದಾಗ ನೆನಪಾಯಿತು. 'ಟ್ರ್ಯಾಕರ್3 ಸ್ಟೇಟಸ್' ಅಂತ ಹೊಡೆದರೆ ಎಷ್ಟು ಫೈಲ್ ಓದಿದೆ, ಯಾವ್ಯಾವುದನ್ನು ಓದಲಾಗಲಿಲ್ಲ ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ ಬ್ಯಾಕಪ್ ಫೋಲ್ಡರಿನ ಕೆಲವು ಪಿಡಿಎಫ್‌ಗಳಿದ್ದವು. ತೆರೆದು ನೋಡಿದರೆ ಅರ್ಧಂಬರ್ಧ. ಕಾಪಿ ಆಗುತ್ತಿರುವಾಗಲೇ ಯುಪಿಎಸ್ ಕೈಕೊಟ್ಟಿತ್ತು. ಮೂಲ ಫೈಲ್ ಚೆನ್ನಾಗಿದ್ದದ್ದು ಪುಣ್ಯ. ಅದೇ ಡಿಸ್ಕಿನಲ್ಲಿ, ಪಕ್ಕದ ಫೋಲ್ಡರಿನಲ್ಲಿ ಇಡುವುದಕ್ಕೆ ಬ್ಯಾಕಪ್ ಅಂತ ಹೆಸರಿಟ್ಟರೆ ಸಾಕಾ? ಡಿಸ್ಕ್ ಸತ್ತರೆ ಎರಡೂ ಸತ್ತವು. ಈ ಮಟ್ಟಿಗೆ ಟ್ರ್ಯಾಕರ್ ಕೂಗಿದ್ದು ಒಳ್ಳೇದೇ ಆಯಿತು.

ಸರಿಪಡಿಸಲು ಮಾಡಿದ್ದು ಬಹಳ ಇಲ್ಲ. ಕ್ರಾನ್‌ನ ಆ ಸಾಲು ತೆಗೆದೆ. ಹೊರಗಿನ ಯುಎಸ್‌ಬಿ ಡಿಸ್ಕ್ ಒಂದು ತಂದು, ಅಂಗಡಿ ಮುಚ್ಚುವ ಮುಂಚೆ 'ಆರ್‌ಸಿಂಕ್ ಮೈನಸ್ ಎ' ಓಡಿಸುತ್ತೇನೆ. ಆರ್‌ಸಿಂಕ್ ಗಾತ್ರ ಮತ್ತು ತಾರೀಖು ಹೋಲಿಸಿ ಬದಲಾದದ್ದನ್ನಷ್ಟೇ ಒಯ್ಯುತ್ತದೆ. ಆ 'ಎ' ಹಾಕಿದರೆ ಹಳೇ ತಾರೀಖು ಹಾಗೇ ಉಳಿಯುತ್ತದೆ. ಮೊದಲ ಸಲ ಹೊತ್ತು ಹಿಡಿಯಿತು. ಈಗ ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಕ್ರಾನ್‌ನಲ್ಲೇ ಇಡಲೇಬೇಕು ಅನ್ನುವವರು ಮುಂದೆ 'ಎಫ್‌ಲಾಕ್' ಸೇರಿಸಿ, ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗಲ್ಲ. ಹಳೇ ಬ್ಯಾಕಪ್ ಫೋಲ್ಡರ್ ಅಳಿಸಿ, 'ಟ್ರ್ಯಾಕರ್3 ರೀಸೆಟ್' ಆಜ್ಞೆಗೆ ಫೈಲ್‌ಸಿಸ್ಟಮ್ ಆಯ್ಕೆ ಕೊಟ್ಟು ಇಂಡೆಕ್ಸ್ ಹೊಸದಾಗಿ ಕಟ್ಟಿಸಿದೆ. ಇದರಿಂದ ಹೋಗುವುದು ಇಂಡೆಕ್ಸ್ ಮಾತ್ರ, ನಿಮ್ಮ ಫೈಲುಗಳಿಗೆ ಏನೂ ಆಗಲ್ಲ. ಒಂದು ಹೊತ್ತು ಕೂಗಿತು, ಆಮೇಲೆ ಟಾಪ್‌ನಲ್ಲಿ ಹುಡುಕಿದರೂ ಮೇಲಿನ ಸಾಲುಗಳಲ್ಲಿ ಅದು ಸಿಗಲಿಲ್ಲ.

ಉರ್ದು ಸ್ಕ್ಯಾನುಗಳ ಫೋಲ್ಡರಿಗೆ ಇನ್ನೊಂದು ಕೆಲಸ ಮಾಡಿದೆ. ಅವೆಲ್ಲ ಬರೀ ಚಿತ್ರ, ಒಳಗೆ ಅಕ್ಷರ ಅಂತ ಏನೂ ಇಲ್ಲ. ಎಷ್ಟು ಸಲ ತೆರೆದರೂ ಟ್ರ್ಯಾಕರಿಗೆ ಸಿಗುವುದು ಪುಟಗಳ ಲೆಕ್ಕ. ಫೋಲ್ಡರಿನೊಳಗೆ 'ಡಾಟ್ ಟ್ರ್ಯಾಕರ್‌ಇಗ್ನೋರ್' ಅಂತ ಹೆಸರಿನ ಖಾಲಿ ಫೈಲ್ ಇಟ್ಟರೆ ಅದು ಆ ಫೋಲ್ಡರನ್ನು ಮುಟ್ಟುವುದಿಲ್ಲ. ಮೊಬೈಲಿನಲ್ಲಿ ಗ್ಯಾಲರಿಗೆ ಫೋಟೋ ಕಾಣದಂತೆ 'ಡಾಟ್ ನೋಮೀಡಿಯಾ' ಇಡುತ್ತೇವಲ್ಲ, ಅದಕ್ಕೂ ಮರ್ಯಾದೆ ಕೊಡುತ್ತದೆ. ಟರ್ಮಿನಲ್ ಬೇಡ ಅನ್ನುವವರಿಗೆ ಸೆಟ್ಟಿಂಗ್ಸ್‌ನ ಸರ್ಚ್ ಒಳಗೆ ಸರ್ಚ್ ಲೊಕೇಶನ್ಸ್ ಇದೆ. ಬೇಡದ ಫೋಲ್ಡರ್ ಅಲ್ಲಿ ಆಫ್ ಮಾಡಬಹುದು.

ನುಡಿಯ ವಿಷಯ ಹೇಳದಿದ್ದರೆ ಡಿಟಿಪಿಯವರು ಬೈಯುತ್ತಾರೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ನಮ್ಮ ಕಣ್ಣಿಗೆ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಟ್ರ್ಯಾಕರ್ ಅದನ್ನೂ ಶ್ರದ್ಧೆಯಿಂದ ಓದಿ ಇಂಡೆಕ್ಸಿಗೆ ಹಾಕುತ್ತದೆ. ನೀವು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ನಲ್ಲಿ 'ಬಾಡಿಗೆ ಕರಾರು' ಅಂತ ಹುಡುಕಿದರೆ ಅವುಗಳಲ್ಲಿ ಒಂದೂ ಬರಲ್ಲ. ಅಷ್ಟು ದಿನ ಅಷ್ಟು ಬೆವರು ಸುರಿಸಿ ಅದು ಓದಿದ್ದರಲ್ಲಿ ದೊಡ್ಡ ಪಾಲು ನನಗೆ ಉಪಯೋಗಕ್ಕೆ ಬಾರದ್ದು! ಬಿಡುವಿದ್ದಾಗ ಒಂದೊಂದೇ ಫೋಲ್ಡರ್ ಯೂನಿಕೋಡ್‌ಗೆ ತಿರುಗಿಸುತ್ತಿದ್ದೇನೆ. ತಿರುಗಿಸುವ ತಂತ್ರಾಂಶ ಒತ್ತಕ್ಷರಗಳಲ್ಲಿ ಎಡವುತ್ತದೆ, ಕಣ್ಣಿಟ್ಟು ನೋಡಬೇಕು.

ಹೊಸ ಉಬುಂಟು ಹಾಕಿದವರಿಗೆ ಟಾಪ್‌ನಲ್ಲಿ ಟ್ರ್ಯಾಕರ್ ಅನ್ನುವ ಹೆಸರು ಕಾಣದಿರಬಹುದು. 2024ರಲ್ಲಿ ಬಂದ ಗ್ನೋಮ್ 47ರಿಂದ ಅದಕ್ಕೆ ಲೋಕಲ್‌ಸರ್ಚ್ ಅಂತ ಹೆಸರು. ಕೆಡಿಇ ಅನ್ನುವ ಇನ್ನೊಂದು ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಇದೇ ಕೆಲಸದವನು ಬಲೂ, ವಿಂಡೋಸ್‌ನಲ್ಲಿ ಸರ್ಚ್ ಇಂಡೆಕ್ಸರ್. ಹೆಸರು ಯಾವುದೇ ಇರಲಿ, ಯಾವ ಫೈಲ್ ತೆರೆದು ಕೂತಿದೆ ಅಂತ ಮೊದಲು ನೋಡಿ.

ಇದನ್ನೆಲ್ಲ ರಿಪೇರಿ ಹುಡುಗನಿಗೆ ಫೋನ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಕ್ಕಾ, ಸೂಪರ್ ಮಾರ್ಕೆಟ್ ಕಡಿ ಇನ್ನೊಂದಿಷ್ಟು ಅಂಗಡಿಗೂ ಅದೇ ಹಾಕೀನ್ರಿ. ಅವರೂ ಫ್ಯಾನ್ ಬದಲಿ ಮಾಡ್ಸಾಕ ಹೇಳ್ಯಾರ" ಅಂದ. ಆರ್‌ಸಿಂಕ್‌ನ ಆ ಸಾಲನ್ನು ವಾಟ್ಸಾಪ್ ಮಾಡಿದ್ದೇನೆ, ಬ್ಲೂ ಟಿಕ್ ಬಂದಿದೆ.